ಗೆಣಸಿನ ಕೆಳಗೆ ಮೂರು ಮೊಟ್ಟೆ

ಮೊಟ್ಟೆ ಬೇಯಿಸುವಾಗ ಬಾಗಿಲು ಹಾಕಿಕೊಳ್ಳಬಾರದು. ಇದು ದುರುಗೇಶನ ಮೊದಲನೇ ನಿಯಮ. ಬಾಗಿಲು ಹಾಕಿದರೆ ಒಳಗೆ ಏನೋ ನಡೆಯುತ್ತಿದೆ ಅಂತ ಇಡೀ ಕೇರಿಗೆ ಗೊತ್ತಾಗುತ್ತದೆ. ತೆರೆದಿಟ್ಟು ಎದೆಯುಬ್ಬಿಸಿ ನಿಂತರೆ ಪೊಲೀಸ್ ನಾಯಿಯೂ ಮೂಸದೆ ಮುಂದೆ ಹೋಗುತ್ತದೆ. ವಿಲನ್ ಕತ್ತಲಲ್ಲಿ ಅಡಗಿ ಸಿಕ್ಕಿಬೀಳುತ್ತಾನೆ, ಹೀರೋ ನಡುಬೀದಿಯಲ್ಲೇ ತಪ್ಪಿಸಿಕೊಳ್ಳುತ್ತಾನೆ. ಅವನು ನೋಡಿದ ಸಿನಿಮಾಗಳೆಲ್ಲ ಕಲಿಸಿದ ಪಾಠ ಇಷ್ಟೇ.

ಹಾಗಾಗಿ ಶಿವರಾತ್ರಿಯ ದಿನ ಇಳಿಹೊತ್ತಿನಲ್ಲಿ, ಚನ್ನಗಿರಿಯ ಅಡಿಕೆ ವ್ಯಾಪಾರಿ ಮಹೇಶ್ವರಪ್ಪನವರ ಮನೆಯ ಹಿತ್ತಲ ಕೋಣೆಯಲ್ಲಿ, ಕರೆಂಟ್ ಒಲೆಯ ಮೇಲಿನ ಪಾತ್ರೆಯಲ್ಲಿ ಗೆಣಸಿನ ಕೆಳಗೆ ಮೂರು ಮೊಟ್ಟೆ ಕುದಿಯುತ್ತಿದ್ದಾಗ, ಬಾಗಿಲು ಪೂರ್ತಿ ತೆರೆದೇ ಇತ್ತು. ಆ ಬಾಗಿಲಲ್ಲಿ ಮಹೇಶ್ವರಪ್ಪನವರ ಹೆಂಡತಿ ಸಾವಂತ್ರಮ್ಮ ಬಂದು ನಿಂತರು. ಕೈಯಲ್ಲಿ ಒಂದು ಬುಟ್ಟಿ.

"ದುರುಗೇಶಪ್ಪ, ಒಲೆ ಹಚ್ಚೀಯೇನು? ಸದ್ಯ, ಶಿವನೇ ಕಾಪಾಡ್ದ. ನಮ್ಮ ಗ್ಯಾಸು ಈಗ್ತಾನೆ ಪುಸ್ ಅಂತ ಹೋತು. ಹಬ್ಬದ ದಿನ ಯಾವನೂ ಸಿಲಿಂಡರ್ ತರಲ್ಲ. ನಿನ್ನ ಪಾತ್ರ್ಯಾಗೆ ಏನೈತೆ?"

"ಗೆ... ಗೆಣಸು ಕಣಮ್ಮ."

"ನನ್ನವೂ ಗೆಣಸೇ! ತಗ, ಅದರಾಗೇ ಹಾಕಿಬಿಡು."

ದುರುಗೇಶನ ತಲೆಯೊಳಗೆ ಇಂಟರ್ವಲ್ ಬೆಲ್ ಹೊಡೆಯಿತು. ಆದರೆ ಹೊರಗೆ ಹೋಗಿ ಪಾಪ್‌ಕಾರ್ನ್ ತಿನ್ನಲು ದಾರಿ ಇರಲಿಲ್ಲ. ಕೋಣೆಗೆ ಇದ್ದದ್ದು ಒಂದೇ ಬಾಗಿಲು. ಹಿಂದೆ ಅಡಿಕೆ ಚೀಲ ಒಟ್ಟುತ್ತಿದ್ದ ಗೋದಾಮು ಅದು. ಕಿಟಕಿ ಆಳೆತ್ತರದ ಮೇಲೆ, ಅದಕ್ಕೂ ಕಬ್ಬಿಣದ ಜಾಲರಿ. ಗೋಡೆಗಳಿಗೆ ಇನ್ನೂ ಅಡಿಕೆಯ ಒಗರು ವಾಸನೆ ಅಂಟಿಕೊಂಡಿತ್ತು. ಇಷ್ಟು ದಿನ ಮೊಟ್ಟೆ ಬೆಂದ ವಾಸನೆಯನ್ನು ನುಂಗಿ ಅವನನ್ನು ಕಾಪಾಡಿದ್ದು ಆ ವಾಸನೆಯೇ.

ಅವನು ಜಗಳೂರಿನ ಕಡೆಯವನು. ಪೊಲೀಸ್ ಕಾನ್ಸ್‌ಟೇಬಲ್ ಕೆಲಸದ ಲಿಖಿತ ಪರೀಕ್ಷೆಯಲ್ಲಿ ಪಾಸಾಗಿದ್ದ. ಮುಂದಿನ ವಾರ ದಾವಣಗೆರೆಯಲ್ಲಿ ಓಟ, ಜಿಗಿತ, ಎದೆ ಅಳತೆ. ಹೋದ ಸಲ ಇದೇ ಎದೆ ಅಳತೆಯಲ್ಲಿ ಟೇಪು ಒಂದು ಬೆರಳಷ್ಟು ಕಮ್ಮಿ ತೋರಿಸಿ ಅವನನ್ನು ಮನೆಗೆ ಕಳಿಸಿತ್ತು. ಮುಂದಿನ ಸಲಕ್ಕೆ ವಯಸ್ಸು ಮೀರುತ್ತದೆ. ಚನ್ನಗಿರಿಯ ಗ್ರೌಂಡಿನಲ್ಲಿ ಹುಡುಗರನ್ನು ಬಿಟ್ಟಿಯಾಗಿ ಓಡಿಸುವ ನಿವೃತ್ತ ಸೈನಿಕರೊಬ್ಬರು ಅವನ ಎದೆಯನ್ನು ಬಡಿದು ನೋಡಿ, "ಏನಲೇ ಇದು, ಖಾಲಿ ಡಬ್ಬಿ ಸದ್ದು ಬರ್ತೈತೆ! ದಿನಾ ಮೊಟ್ಟೆ ಬಡಿ" ಎಂದಿದ್ದರು.

ಮೊಟ್ಟೆ ಸಿಗುವುದು ಸುಲಭ. ಅದನ್ನು ಬಡಿಯಲು ಜಾಗ ಸಿಗುವುದು ಕಷ್ಟ. ಗ್ರೌಂಡಿನ ಸುತ್ತಮುತ್ತ 'ಕೋಣೆ ಬಾಡಿಗೆಗೆ ಇದೆ' ಎಂಬ ಬೋರ್ಡು ನೋಡಿ ಎರಡು ಮನೆ ಹತ್ತಿದ್ದ. ಎರಡೂ ಕಡೆ ಮೊದಲು ಊರು ಕೇಳಿದರು, ಆಮೇಲೆ "ಯಾರ ಪೈಕಿ?" ಎಂದರು. ಉತ್ತರ ಕೇಳಿದ ಮೇಲೆ "ಅಯ್ಯೋ, ನಿನ್ನೇನೇ ಯಾರಿಗೋ ಕೊಟ್ಟುಬಿಟ್ವಲ್ಲಪ್ಪ" ಎಂದರು. ಬೋರ್ಡು ಮಾತ್ರ ಅಲ್ಲೇ ನೇತಾಡುತ್ತಿತ್ತು. ಮೂರನೇ ಮನೆಗೆ ಹೋಗುವ ಮೊದಲು ದುರುಗೇಶ ಬಸ್ ಸ್ಟ್ಯಾಂಡಿನ ನಲ್ಲಿಯಲ್ಲಿ ಮುಖ ತೊಳೆದು, ಹಣೆಗೆ ಮೂರು ಪಟ್ಟೆ ವಿಭೂತಿ ಎಳೆದುಕೊಂಡ. ಮೇಕಪ್ ಆದ ಮೇಲೆ ಆ್ಯಕ್ಟಿಂಗ್ ತಾನಾಗೇ ಬರುತ್ತದೆ.

"ಮಾಂಸ ಗೀಂಸ ಏನಾದ್ರೂ..." ಎಂದು ಮಹೇಶ್ವರಪ್ಪನವರು ಕೇಳುವ ಮೊದಲೇ ಅವನು ಎರಡೂ ಕಿವಿ ಮುಚ್ಚಿಕೊಂಡಿದ್ದ.

"ಸರ್! ಆ ಪದ ನನ್ನ ಕಿವಿಗೆ ಬಿದ್ರೆ ನಾನು ಸ್ನಾನ ಮಾಡ್ತೀನಿ. ಈರುಳ್ಳಿ ಬೆಳ್ಳುಳ್ಳೀನೂ ಮುಟ್ಟಲ್ಲ. ಈ ನಾಲಿಗೆ ಮ್ಯಾಲೆ ಓಡಾಡೋದು ಎರಡೇ ಸರ್. ಒಂದು ಶಿವನ ಹೆಸರು, ಇನ್ನೊಂದು ಹಸಿ ಸೊಪ್ಪು!"

ಮಹೇಶ್ವರಪ್ಪನವರು ಬೆರಗಾಗಿ ಒಳಗೆ ಕೂಗಿದ್ದರು. "ಇಲ್ಲಿ ಬಾರೆ, ನಮಗಿಂತ ಮ್ಯಾಲಿನ ಗಿರಾಕಿ ಬಂದೈತೆ!"

ಅವನಿಗೆ ಗೊತ್ತಿಲ್ಲದ ಸಂಗತಿಯೆಂದರೆ, ಆ ಮನೆಯಲ್ಲಿ ಮಾಂಸ ಮೊಟ್ಟೆ ಇಲ್ಲವೇ ಹೊರತು ಈರುಳ್ಳಿ ಮೂಟೆಗಟ್ಟಲೆ ಇತ್ತು. ಕೋಣೆ ಸಿಕ್ಕಿತು. ಜೊತೆಗೆ ಸಾವಂತ್ರಮ್ಮನ ಕೈಯಿಂದ ದಿನಾ ಒಂದು ಬಟ್ಟಲು ಸಾರು ಕೂಡ ಸಿಕ್ಕಿತು, ಅವನಿಗಾಗಿಯೇ ಬೇರೆ ತೆಗೆದು ಮಾಡಿದ್ದು, ಈರುಳ್ಳಿಯಿಲ್ಲದ ಸಪ್ಪೆ ಸಾರು. ಅಡುಗೆಮನೆಯಿಂದ ಈರುಳ್ಳಿ ಒಗ್ಗರಣೆಯ ಘಮ ತೇಲಿ ಬರುವಾಗ ದುರುಗೇಶ ಆ ಸಾರನ್ನು ನುಂಗುತ್ತಾ, ಒಂದು ಡೈಲಾಗ್ ಜಾಸ್ತಿ ಹೊಡೆದದ್ದಕ್ಕೆ ಹಣೆ ಚಚ್ಚಿಕೊಳ್ಳುತ್ತಿದ್ದ.

ಮೊಟ್ಟೆ ಬರುತ್ತಿದ್ದದ್ದು ಊರಿನಿಂದ. ಅವನ ಅವ್ವ ಗಾದ್ರಮ್ಮ ತನ್ನ ಕೋಳಿಗಳ ಮೊಟ್ಟೆಯನ್ನು ರಾಗಿ ಹಿಟ್ಟಿನ ಡಬ್ಬಿಯೊಳಗೆ ಹೂತು ಬಸ್ಸಿಗೆ ಹಾಕಿ ಕಳಿಸುತ್ತಿದ್ದಳು. ಜೊತೆಗೆ ಫೋನಿನಲ್ಲಿ ಪಾಠ. "ಒಂದೇ ಪಾತ್ರ್ಯಾಗೆ ಗೆಣಸು, ಆಲೂಗಡ್ಡೆ ಜೊತೆ ಬೇಯಿಸ್ಕಳಲೇ, ಕರೆಂಟ್ ಉಳೀತೈತೆ. ಆದ್ರೆ ಮೊಟ್ಟೆ ತೊಳೀದೇ ಹಾಕಬ್ಯಾಡ. ಕೋಳಿ ಹೊಲಸೆಲ್ಲ ನೀರಿಗಿಳಿದು ಗೆಣಸಿಗೆ ಹತ್ತುತೈತೆ. ಒಡಕು ಬಿಟ್ಟಿದ್ದು ಬ್ಯಾಡವೇ ಬ್ಯಾಡ. ಗೆಣಸು ಗಟ್ಟಿ, ಅದನ್ನ ಮೊದ್ಲು ಹಾಕು. ಅರ್ಧ ಬೆಂದ ಮ್ಯಾಲೆ ಮೊಟ್ಟೇನ ಚಮಚದಾಗೆ ಮೆಲ್ಲಗೆ ಇಳಿಸು. ನೀರಿಗೆ ಚಿಟಿಕೆ ಉಪ್ಪು ಹಾಕು, ಒಡೆದ್ರೂ ಬಿಳಿ ಹೊರಗೆ ಬರಲ್ಲ. ಹಸಿಬಿಸಿ ತಿನ್ನಬ್ಯಾಡ, ಗಟ್ಟಿ ಆಗ್ಲಿ." ಮೂರು ಕಲ್ಲಿನ ಒಲೆ, ಒಂದೇ ಪಾತ್ರೆಯಲ್ಲಿ ಇಡೀ ಮನೆ ಸಾಕಿದವಳು ಅವಳು. ಅವಳ ಪಾಠ ಪಾಲಿಸಿದ ದುರುಗೇಶನಿಗೆ ಒಂದು ದಿನವೂ ಹೊಟ್ಟೆ ಕೆಟ್ಟಿರಲಿಲ್ಲ.

ಈವತ್ತೂ ಎಲ್ಲ ಹಾಗೇ ಮಾಡಿದ್ದ. ಮೊಟ್ಟೆ ಉಜ್ಜಿ ತೊಳೆದಿದ್ದ. ಶಿವರಾತ್ರಿಯಾದ್ದರಿಂದ ಯಾರಾದರೂ ಇಣುಕಿದರೆ ಉಪವಾಸದ ಫಲಾಹಾರದಂತೆ ಕಾಣಲಿ ಎಂದು ಗೆಣಸನ್ನು ಜಾಸ್ತಿಯೇ ಹಾಕಿದ್ದ. ಮೊಟ್ಟೆಗಳನ್ನು ಗೆಣಸಿನ ಸಂದಿಯಿಂದ ತಳಕ್ಕೆ ಜಾರಿಸಿದ್ದ. ಅವ್ವನ ಲೆಕ್ಕದಲ್ಲಿ ಆ ಪಾತ್ರೆಯಲ್ಲಿ ಒಂದೂ ದೋಷ ಇರಲಿಲ್ಲ. ಬಾಗಿಲಲ್ಲಿ ನಿಂತ ಸಾವಂತ್ರಮ್ಮನ ಲೆಕ್ಕ ಬೇರೆ.

"ಅಮ್ಮಾ, ಪಾತ್ರೆ ತುಂಬಿಹೋಗೈತೆ."

"ಎಲ್ಲಿ? ಅಷ್ಟು ದೊಡ್ಡ ಪಾತ್ರೆ ಐತಲ್ಲ. ಮುಚ್ಚಳ ತೆಗಿ ನೋಡಾನ."

ದುರುಗೇಶ ಎರಡು ಹೆಜ್ಜೆಯಲ್ಲಿ ಒಲೆಗೆ ಅಡ್ಡ ನಿಂತ. "ನೀವು ಮುಟ್ಟಬ್ಯಾಡ್ರಿ! ಬಿಸಿ! ನಿಮ್ಮ ಕೈ ಸುಟ್ರೆ ಈ ದುರುಗೇಶ ತನ್ನನ್ನ ತಾನು ಕ್ಷಮಿಸಲ್ಲ! ಮೊದ್ಲು ನಂದು ಬೆಂದುಬಿಡ್ಲಿ. ಆಮ್ಯಾಲೆ ಪಾತ್ರೆ ಉಜ್ಜಿ, ಹೊಸಾ ನೀರಾಗೆ ನಿಮ್ಮವನ್ನ ಬೇಯಿಸಿ, ತಟ್ಟ್ಯಾಗಿಟ್ಟು..."

"ಕರೆಂಟ್ ಬಿಲ್ ನಿಮ್ಮಪ್ಪ ಕಟ್ತಾನಾ?" ಸಾವಂತ್ರಮ್ಮ ನಕ್ಕರು. "ಪೂಜೆ ಹೊತ್ತಾತು ಕಣಪ್ಪ. ಇವರು ಗುಡಿಯಿಂದ ಬಂದುಬಿಡ್ತಾರೆ. ನೈವೇದ್ಯಕ್ಕೆ ಒಂದೂ ಬೆಂದಿಲ್ಲ. ಹಾಕು ಹಾಕು."

ಬೇರೆ ದಾರಿ ಕಾಣದೆ ಅವನು ಬಾಗಿಲಿಗೆ ಬೆನ್ನು ಮಾಡಿ, ಮುಚ್ಚಳವನ್ನು ಗೆಣಸು ತೂರುವಷ್ಟೇ ತೆರೆದು, ಅವರ ಗೆಣಸನ್ನು ಒಂದೊಂದಾಗಿ ಒಳಗೆ ತೂರಿಸಿದ. ತಳದಲ್ಲಿ ಮೂರು ಬಿಳಿ ಬೆನ್ನುಗಳು ಗೆಣಸಿನ ಸಂದಿಯಿಂದ ಅವನನ್ನೇ ನೋಡಿದಂತಾಯಿತು. ಅವರು ಅತ್ತ ಹೋದ ಕೂಡಲೇ ಎತ್ತಿಬಿಡುತ್ತೇನೆ, ನೀರು ಚೆಲ್ಲಿ ಹೊಸದಾಗಿ ಬೇಯಿಸುತ್ತೇನೆ ಎಂದು ಲೆಕ್ಕ ಹಾಕಿದ.

ಸಾವಂತ್ರಮ್ಮ ಅತ್ತ ಹೋದರು. ಒಂದು ಮಣೆ ಮತ್ತು ಬಿಲ್ವಪತ್ರೆಯ ತಟ್ಟೆ ತಂದು ಹೊಸ್ತಿಲ ಆಚೆಗೇ ಹಾಕಿಕೊಂಡು ಕುಳಿತರು. "ಇಲ್ಲೇ ಗಾಳಿ ಚೆನ್ನಾಗಿ ಬರ್ತೈತೆ."

ಇದ್ದ ಒಂದು ಬಾಗಿಲೂ ಮುಚ್ಚಿದಂತಾಯಿತು.

ಅವರು ಪತ್ರೆಯ ದಳಗಳನ್ನು ಒರೆಸಿ ಜೋಡಿಸುತ್ತಿದ್ದರು. ಬೆಳಗಿನಿಂದ ಬಾಯಿಗೆ ನೀರು ಬಿಟ್ಟರೆ ಏನೂ ಬಿದ್ದಿರಲಿಲ್ಲ. ಬೆರಳು ಸಣ್ಣಗೆ ನಡುಗುತ್ತಿತ್ತು.

"ನಿಜ ಹೇಳ್ಬೇಕಂದ್ರೆ ಪಕ್ಕದ ಮನ್ಯಾಗೆ ಬೇಯಿಸ್ಕಂಡು ಬರಬೋದಿತ್ತು" ಎಂದರು. "ಆದ್ರೆ ಅವರ ಪಾತ್ರೆಗೂ ಈರುಳ್ಳಿ ವಾಸನೆ, ನಮ್ಮವಕ್ಕೂ ಈರುಳ್ಳಿ ವಾಸನೆ. ನಿನ್ನ ಪಾತ್ರೆ ಮಡಿ. ಈವತ್ತಿನ ದಿನಕ್ಕೆ ಇದಕ್ಕಿಂತ ಚೆನ್ನಾಗಿದ್ದು ಎಲ್ಲಿ ಸಿಗ್ತೈತೆ ಹೇಳು?"

ದುರುಗೇಶ ಹೊಡೆದ ಡೈಲಾಗ್ ಅವನ ಮೇಲೇ ಲಾರಿಯಂತೆ ಹಿಂದಕ್ಕೆ ಬರುತ್ತಿತ್ತು.

ಅಷ್ಟರಲ್ಲಿ ನೀರು ಜೋರಾಗಿ ಕುದಿಯಿತು. ಟಕ್. ಟಕ್ ಟಕ್.

"ಏನದು ಸದ್ದು?"

"ಗೆಣಸು ಕಣಮ್ಮ. ಶಿವನಿಗೆ ಅರ್ಪಣೆ ಆಗ್ತೀವಿ ಅಂತ ಖುಷೀಗೆ ತಾಂಡವ ಆಡ್ತಾವೆ."

"ಥೂ ಪೋಕರಿ!" ಎಂದು ಅವರು ನಕ್ಕರು. ಅವನು ಒಲೆಯ ಕಾವು ತಗ್ಗಿಸಿ, ಬೆನ್ನ ಹಿಂದೆ ಫೋನು ಹಿಡಿದು ನ್ಯಾಮತಿಯ ಗೆಳೆಯ ನಾಗರಾಜನಿಗೆ ಮೆಸೇಜು ಒತ್ತಿದ: ಇದು ಓನರಮ್ಮನ ನಂಬರು, ಫೋನ್ ಮಾಡು, ಗ್ಯಾಸ್ ತಂದೀನಿ ಅಂತ ಗೇಟಿಗೆ ಕರಿ, ಜೀವನ್ಮರಣ.

ನಾಗರಾಜ ತಡ ಮಾಡಲಿಲ್ಲ. ಸಾವಂತ್ರಮ್ಮನ ಸೊಂಟದಲ್ಲಿದ್ದ ಫೋನು ಬಡಿದುಕೊಂಡಿತು. ಫೋನು ಕಿವಿಗಿಟ್ಟರೆ ಮಾತು ಸರಿಯಾಗಿ ಕೇಳಿಸುವುದಿಲ್ಲವೆಂದು ಅವರು ಯಾವಾಗಲೂ ಸ್ಪೀಕರಿನಲ್ಲೇ ಮಾತಾಡುವುದು.

"ಅಮ್ಮಾ, ಗ್ಯಾಸ್ ಬಂದೈತೆ. ಗೇಟ್ ಹತ್ರ ಬರ್ರೀ."

"ಈವತ್ತು ರಜಾ ಅಲ್ವಾ?"

"ಅದು... ಶಿವ ಕನಸಿನಾಗೆ ಬಂದು ಕೊಡು ಅಂದ ಅಮ್ಮ."

"ಹಗಲೊತ್ತಿನಾಗೆ ಯಾವ ಕನಸಲೇ? ಸರಿ, ನಮ್ಮ ಗೇಟ್ ಬಣ್ಣ ಯಾವ್ದು ಹೇಳು."

"ಗೇ... ಗೇಟ್ ಬಣ್ಣದ್ದೇ ಅಮ್ಮ" ಎಂದು ಹೇಳಿ ನಾಗರಾಜ ಫೋನ್ ಕತ್ತರಿಸಿದ.

"ಓಟಿಪಿ ಕಳ್ಳರು" ಎಂದರು ಸಾವಂತ್ರಮ್ಮ, ಫೋನನ್ನು ಮತ್ತೆ ಸಿಕ್ಕಿಸಿಕೊಳ್ಳುತ್ತಾ. "ನೀನು ಪೊಲೀಸ್ ಆದ್ಮ್ಯಾಲೆ ಮೊದ್ಲು ಇಂಥವರನ್ನ ಹಿಡೀಬೇಕು ನೋಡು."

ದುರುಗೇಶ ಒಲೆಯ ಸ್ವಿಚ್ಚು ಆರಿಸಿ, "ಅಯ್ಯೋ, ಕರೆಂಟ್ ಹೋತು!" ಎಂದ. ಅವನ ದುರದೃಷ್ಟಕ್ಕೆ ಒಳಮನೆಯ ಟೀವಿಯಲ್ಲಿ ಯಾರೋ ರಾಗವಾಗಿ ಪ್ರವಚನ ಹೇಳುತ್ತಲೇ ಇದ್ದರು. ಸಾವಂತ್ರಮ್ಮ ತಲೆ ಎತ್ತಿ ಅವನನ್ನು ನೋಡಿದರು. "ಬಂತು!" ಎಂದು ಅವನೇ ಸ್ವಿಚ್ಚು ಹಾಕಿದ.

ಗೆಣಸು ಬೆಂದ ಸಿಹಿ ಪರಿಮಳ ಕೋಣೆ ತುಂಬಿತು. ಆ ಪರಿಮಳಕ್ಕೆ ಸಾವಂತ್ರಮ್ಮ ಕಣ್ಣು ಮುಚ್ಚಿದರು.

"ತಲೆ ಗಿರ್ ಅಂತೈತೆ ಕಣಪ್ಪ. ಮೊದ್ಲಿನಂಗೆ ತಡಕಣಾಕೆ ಆಗಲ್ಲ. ಬೆಂದಿದ್ರೆ ಒಂದು ಕೊಡು, ಲಿಂಗಕ್ಕೆ ತೋರಿಸಿ ಬಾಯಿಗೆ ಹಾಕ್ಕಂತೀನಿ." ಕಣ್ಣು ತೆರೆದು, ಜೋಡಿಸಿದ ಪತ್ರೆಗಳಿಂದ ಒಂದನ್ನು ಬೇರೆ ತೆಗೆದಿಟ್ಟರು. "ಇದು ನಿಂದು. ನಿನ್ನ ಎದೆ ಅಳತೇಗೆ. ಗುಡಿ ಅಯ್ಯನವರ ಕೈಲಿ ನಿನ್ನ ಹೆಸರು ಹೇಳಿಸಿ ಏರಿಸ್ತೀನಿ."

ಅವನು ಪಾತ್ರೆಯನ್ನು ನೋಡಿದ. ಎಷ್ಟು ಸುಲಭ! ಇಕ್ಕಳದಲ್ಲಿ ಮೇಲಿನ ಗೆಣಸುಗಳನ್ನಷ್ಟೇ ಎತ್ತಿ ತಟ್ಟೆಗೆ ಹಾಕುವುದು, ಮುಚ್ಚಳ ಮುಚ್ಚುವುದು. ಮೊಟ್ಟೆ ತಳದಲ್ಲೇ ಇರುತ್ತದೆ. ನೀರಿನ ಕಥೆ ನೀರಿಗೇ ಗೊತ್ತು. ಕೋಣೆ ಉಳಿಯುತ್ತದೆ, ಗ್ರೌಂಡು ಉಳಿಯುತ್ತದೆ, ಮುಂದಿನ ವಾರ ಟೇಪಿನ ಮುಂದೆ ಎದೆ ಉಬ್ಬಿಸುವುದು. ಸಾವಂತ್ರಮ್ಮ ಉಪವಾಸ ಮುರಿದು ಖುಷಿಯಾಗಿ ಗುಡಿಗೆ ಹೋಗುತ್ತಾರೆ. ಯಾರಿಗೂ ಏನೂ ಆಗುವುದಿಲ್ಲ. ಗ್ರೌಂಡಿನ ಹುಡುಗರಿಗೆ ಆಮೇಲೆ ಹೇಳಿದರೆ ಬಿದ್ದು ಬಿದ್ದು ನಗುವ ಸೀನು.

ಅವನು ಇಕ್ಕಳ ಹಿಡಿದ. ಕೈ ಏಳಲಿಲ್ಲ. ಆ ಒಂದು ಎಲೆ ಬೇರೆ ತೆಗೆದಿಡದೆ ಇದ್ದಿದ್ದರೆ ಏಳುತ್ತಿತ್ತೇನೋ.

"ಅಮ್ಮಾ, ಇದು ಬ್ಯಾಡ್ರಿ. ನಾನು ನೀರಿಗೆ ಉಪ್ಪು ಹಾಕಿಬಿಟ್ಟೀನಿ. ಉಪವಾಸಕ್ಕೆ ಆಗಲ್ಲ."

"ಉಪ್ಪಿಗೇನಪ್ಪ! ನಾವು ಅಷ್ಟು ಕಟ್ಟುನಿಟ್ಟು ಅಲ್ಲ. ಮಧ್ಯಾಹ್ನ ನಮ್ಮನೆಯವ್ರು ಉಪ್ಪು ಹಾಕಿದ ಅವಲಕ್ಕಿ ತಿಂದ್ರು."

"ಅದಲ್ಲ... ಮೊನ್ನೆ ಇದೇ ಪಾತ್ರ್ಯಾಗೆ ಈರುಳ್ಳಿ ಬೇಯಿಸಿದ್ದೆ."

ಸಾವಂತ್ರಮ್ಮ ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕರು. "ನೀನಾ? ಈರುಳ್ಳಿನಾ? ಶಿವ ಬಂದು ಹೇಳಿದ್ರೂ ನಾನು ನಂಬಲ್ಲ."

"ಅಮ್ಮಾ." ಅವನ ಗಂಟಲಿನಿಂದ ಬಂದ ಧ್ವನಿ ಅವನಿಗೇ ಹೊಸದಾಗಿತ್ತು. "ಗೆಣಸಿನ ಕೆಳಗೆ ಮೊಟ್ಟೆ ಅದಾವೆ."

ಈಗ ಅವರಿಗೆ ನಗು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದು, ಕಣ್ಣಲ್ಲಿ ನೀರು ಬರುವಂತೆ ನಕ್ಕರು. "ಅಯ್ಯೋ, ಹೊಟ್ಟ್ಯಾಗೆ ಏನೂ ಇಲ್ದಾಗ ನಗಿಸಬ್ಯಾಡಲೇ! ಮುಂದೆ ಏನು, ಗೆಣಸಿನ ಕೆಳಗೆ ಕೋಳೀನೂ ಐತಾ? ಸಾಕು ನಿನ್ನ ಸಿನಿಮಾ. ಕೊಡು ಇತ್ಲಾಗೆ." ಎಂದು ತಟ್ಟೆಯನ್ನು ಮುಂದೆ ಚಾಚಿದರು.

ತಪ್ಪಿಸಿಕೊಳ್ಳುವ ಬಾಗಿಲು ಮತ್ತೊಮ್ಮೆ ತೆರೆದುಕೊಂಡಿತ್ತು. ಅವನು ಸತ್ಯವನ್ನೇ ಹೇಳಿದ್ದ, ಅವರೇ ನಂಬಲಿಲ್ಲ. ಇನ್ನು ಪಾಪ ಬಂದರೆ ಅವರ ಆ ನಗುವಿಗೇ ಬರಲಿ. ಆದರೆ ತಟ್ಟೆ ಚಾಚಿದ ಆ ಕೈ ಇನ್ನೂ ನಡುಗುತ್ತಿತ್ತು.

ದುರುಗೇಶ ಮುಚ್ಚಳ ತೆಗೆದ. ಚಮಚವನ್ನು ತಳಕ್ಕಿಳಿಸಿ, ಗೆಣಸುಗಳನ್ನು ಸರಿಸಿ ಎತ್ತಿದ. ಹಬೆಯ ನಡುವೆ, ಚಮಚದ ಮೇಲೆ, ಗಾದ್ರಮ್ಮನ ಕೋಳಿಯ ಮೊಟ್ಟೆಯೊಂದು ಬೆಳ್ಳಗೆ ಹೊಳೆಯುತ್ತಾ ಮೇಲೆ ಬಂತು.

ಸಾವಂತ್ರಮ್ಮನ ನಗು ಅರ್ಧಕ್ಕೇ ನಿಂತಿತು. ತಟ್ಟೆ ಮೆಲ್ಲಗೆ ಹಿಂದಕ್ಕೆ ಹೋಯಿತು. ಒಳಗೆ ಟೀವಿಯ ಪ್ರವಚನಕಾರ ಮಾತ್ರ ಯಾವುದೋ ಭಕ್ತನ ಕಥೆ ಹೇಳುತ್ತಲೇ ಇದ್ದ.

ಬೈಗುಳ ಬರುತ್ತದೆ ಎಂದು ಅವನು ಕಾದ. ಬರಲಿಲ್ಲ. ತನ್ನ ಚಾಪೆ, ಟ್ರಂಕು, ಓಟದ ಬೂಟು ಎಲ್ಲವನ್ನೂ ಮನಸ್ಸಿನಲ್ಲೇ ಕಟ್ಟಿ ಜಗಳೂರು ಬಸ್ಸಿಗೆ ಏರಿಸಿದ.

"ಮೊಟ್ಟೆ ತಿಂತೀಯಾ ನೀನು?" ಕೊನೆಗೆ ಅವರು ಕೇಳಿದರು.

"ಹೂಂ ಅಮ್ಮ. ಎದೆ ಅಳತೇಗೆ."

"ಮೊಟ್ಟೆ ತಿಂತೀಯ." ಅವರು ಏನನ್ನೋ ಕೂಡಿಸಿ ಕಳೆಯುವವರಂತೆ ಹುಬ್ಬು ಗಂಟಿಕ್ಕಿದರು. "ಹಂಗಾದ್ರೆ ಈರುಳ್ಳಿ?"

"ಅದೂ... ತಿಂತೀನಿ."

ಸಾವಂತ್ರಮ್ಮನ ಮುಖ ಕೆಂಪಾದದ್ದು ಆಗಲೇ.

"ಲೋ ಮನೆಹಾಳ! ಈರುಳ್ಳಿ ತಿಂತೀಯಾ! ಬಂದಾಗಿನಿಂದ ದಿನಾ ನಿನ್ನ ಸಲುವಾಗಿ ಬೇರೆ ಒಗ್ಗರಣೆ, ಬೇರೆ ಸೌಟು, ಬೇರೆ ಬಟ್ಲು! ಎರಡೆರಡು ಸಾರು ಮಾಡಿ ಮಾಡಿ ನನ್ನ ರಟ್ಟೆ ಬಿದ್ದೋಗೈತೆ! ಅವರು ಒಂದಿನ ಬೈದ್ರೂ, ಸುಮ್ನಿರಿ, ಆ ಹುಡುಗನ ನೇಮ ಕೆಡಬಾರ್ದು ಅಂತ ಅವರ ಬಾಯಿ ಮುಚ್ಚಿಸಿದೀನಿ!"

"ತಪ್ಪಾತು ಅಮ್ಮ. ಈರುಳ್ಳಿ ಕೇಳಾಕೆ ಧೈರ್ಯ ಬರಲಿಲ್ಲ. ನಾನು ಇವತ್ತೇ ಹೊಂಟೋಗ್ತೀನಿ."

"ಹೊಂಟೋಗು! ಹೋದ್ರೆ ಯಾಕೆ ಹೋದ ಅಂತ ಕೇಳಲ್ವಾ ಕೇರಿಯವ್ರು? ನಮ್ಮನೆ ಹುಡುಗ ಈರುಳ್ಳೀನೂ ಮುಟ್ಟಲ್ಲ, ನಿಮ್ಮ ಮಕ್ಕಳಿಗೂ ಸ್ವಲ್ಪ ಕಲಿಸ್ರಿ ಅಂತ ಮನೆಮನೆಗೆ ಹೇಳ್ಕಂಡು ಬಂದೀನಿ ನಾನು. ಈಗ ನನ್ನ ಮಖ ಎಲ್ಲಿ ಇಡ್ಲಿ? ನನ್ನ ನೈವೇದ್ಯ ನಿನ್ನ ಪಾತ್ರ್ಯಾಗೆ ಹಾಕಿದೋಳು ನಾನೇ ಅಲ್ವಾ!"

ದುರುಗೇಶನಿಗೆ ಹೊಳೆಯಿತು. ಈ ಕೋಣೆಯಲ್ಲಿ ಈಗ ಸಿಕ್ಕಿಬಿದ್ದವನು ಅವನೊಬ್ಬನೇ ಅಲ್ಲ.

ಅದೇ ಹೊತ್ತಿಗೆ ಮುಂದಿನ ಗೇಟು ಕಿರುಗುಟ್ಟಿತು. ಮಹೇಶ್ವರಪ್ಪನವರ ಕೆಮ್ಮು ಕೇಳಿಸಿತು. ಜೊತೆಗೆ ಇನ್ನಿಬ್ಬರ ಮಾತು. ಗುಡಿಗೆ ಕರೆಯಲು ಪಕ್ಕದ ಮನೆಯವರೂ ಬಂದಿದ್ದರು.

"ಎಲ್ಲಿದೀಯೇ? ಗೆಣಸು ಬೆಂದ್ವೇನು?"

ಸಾವಂತ್ರಮ್ಮ ಚಂಗನೆ ಎದ್ದರು. ಮಂಡಿ ನೋವಿನ ಹೆಂಗಸು ಅಷ್ಟು ಬೇಗ ಏಳುವುದನ್ನು ಅವನು ನೋಡಿರಲಿಲ್ಲ. ಚೊಂಬಿನ ತಣ್ಣೀರನ್ನು ದೂರದಿಂದಲೇ ಅವನ ಚಮಚದ ಮೇಲೆ ಸುರಿದರು. ಮೊಟ್ಟೆಗೆ ಮಾತ್ರ ಬೆರಳು ತಾಕಿಸಲಿಲ್ಲ.

"ಎಷ್ಟು ಅದಾವೆ?"

"ಮೂರು."

"ನುಂಗು!"

"ಅಮ್ಮಾ, ಸಿಪ್ಪೆ..."

"ಸುಲಿ, ನುಂಗು! ಅವರು ಬಂದು ಪಾತ್ರ್ಯಾಗೆ ಕೈ ಹಾಕೋದ್ರೊಳಗೆ ಒಂದೂ ಕಾಣಬಾರ್ದು!"

ಜೀವನದಲ್ಲಿ ಅವನು ಅಷ್ಟು ಬೇಗ ಮೊಟ್ಟೆ ಸುಲಿದಿರಲಿಲ್ಲ. ಮೊದಲನೆಯದು ಎಡಗೆನ್ನೆಗೆ, ಎರಡನೆಯದು ಬಲಗೆನ್ನೆಗೆ. ಎರಡೂ ಒಳಗೆ ಇನ್ನೂ ಕೆಂಡ. ಮೂರನೆಯದು ಕೈಯಲ್ಲಿತ್ತು, ಬಾಯಲ್ಲಿ ಜಾಗವಿರಲಿಲ್ಲ. ಸಾವಂತ್ರಮ್ಮ ಮೂಲೆಯಲ್ಲಿದ್ದ ಓಟದ ಬೂಟಿನ ಕಡೆ ಕಣ್ಣು ಮಾಡಿದರು. ಮೊಟ್ಟೆ ಬೂಟಿನೊಳಗೆ ಹೋಯಿತು, ಸಿಪ್ಪೆ ಅದರ ಜೋಡಿ ಬೂಟಿನೊಳಗೆ. ಅದರ ಮೇಲೆ ಸಾಕ್ಸು.

ಮಹೇಶ್ವರಪ್ಪನವರು ಹಿತ್ತಲಿಗೆ ಕಾಲಿಟ್ಟಾಗ ಅವರ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದರು. ಬಾಡಿಗೆ ಹುಡುಗ ಎರಡೂ ಕೆನ್ನೆ ಉಬ್ಬಿಸಿಕೊಂಡು, ಕಣ್ಣಲ್ಲಿ ನೀರು ತುಂಬಿಕೊಂಡು, ಕಂಬದಂತೆ ನಿಂತಿದ್ದ.

"ಗ್ಯಾಸ್ ಖಾಲಿ" ಎಂದರು ಸಾವಂತ್ರಮ್ಮ. "ಇವನ ಒಲೆ ಮ್ಯಾಲೆ ಇಟ್ಟೆ, ತಳ ಹಿಡಿದು ಸೀದು ಹೋದ್ವು. ಹಿಂದಿನ ಮನೆ ಎಮ್ಮೆಗೆ ಹಾಕ್ತೀನಿ. ನೈವೇದ್ಯಕ್ಕೆ ಬಾಳೆಹಣ್ಣು ಅದಾವೆ ಬಿಡ್ರಿ."

"ಹೋಗ್ಲಿ ಬಿಡು. ಏನಪ್ಪಾ ದುರುಗೇಶ, ಬಾ, ಇವ್ರು ನಿನ್ನನ್ನ ನೋಡಾಕೇ ಬಂದಾರೆ. ಅವತ್ತು ಬಾಡಿಗೆ ಕೇಳಾಕೆ ಬಂದಾಗ ಹೊಡೆದ್ಯಲ್ಲ, ನಾಲಿಗೆ ಮ್ಯಾಲೆ ಎರಡೇ ಓಡಾಡ್ತಾವೆ ಅಂತ, ಆ ಡೈಲಾಗ್ ಒಂದ್ಸಲ ಹೇಳು."

ದುರುಗೇಶನ ನಾಲಿಗೆಯ ಮೇಲೆ ಆ ಕ್ಷಣದಲ್ಲಿ ಓಡಾಡುತ್ತಿದ್ದದ್ದೂ ಎರಡೇ. ಅವನು ತಲೆ ಅಲ್ಲಾಡಿಸಿದ.

"ಯಾಕೆ? ಏನಾತು? ಮಾತಾಡು."

ಅವನು ಸಾವಂತ್ರಮ್ಮನ ಕಡೆ ನೋಡಿದ. ಸಾವಂತ್ರಮ್ಮ ಅವನ ಕಡೆ ನೋಡಿದರು. ಅವರ ಕಣ್ಣಿನ ಮೂಲೆಯಲ್ಲಿ, ಎರಡೆರಡು ಸಾರು ಮಾಡಿದ ಅಷ್ಟೂ ದಿನಗಳ ಸಿಟ್ಟು ಒಂದು ಕಡೆ ಸೇರಿ, ಮೆಲ್ಲಗೆ ನಗುವಾಗಿ ತಿರುಗುವುದು ಅವನಿಗೆ ಕಂಡಿತು.

"ಅವನನ್ನ ಮಾತಾಡಿಸಬ್ಯಾಡ್ರಿ" ಎಂದರು. "ಮೌನವ್ರತ ಹಿಡಿದಾನೆ."

"ಇವನು? ಮೌನಾನಾ?"

"ಹೂಂ. ನಾಳೆ ಸೂರ್ಯ ಹುಟ್ಟೋ ತನಕ. ಬಾಯಿ ಬಿಡಂಗಿಲ್ಲ." ಹೂವು ಏರಿಸುವಷ್ಟು ಮೃದುವಾಗಿ ಸೇರಿಸಿದರು. "ನೀರೂ ಕುಡಿಯಂಗಿಲ್ಲ."

ದುರುಗೇಶನ ಗಂಟಲಲ್ಲಿ ಎರಡು ಮೊಟ್ಟೆಗಳ ಹಳದಿ ಸಿಮೆಂಟಿನಂತೆ ಕೂತಿತ್ತು. ಅವನು ನೀರಿನ ಕೊಡದ ಕಡೆ ನೋಡಿದ. ಕೊಡ ಮೂರು ಮಾರು ದೂರವಿತ್ತು, ನಡುವೆ ಮೂವರು ಭಕ್ತರು ನಿಂತಿದ್ದರು.

ಪಕ್ಕದ ಮನೆಯವರೊಬ್ಬರು ಕೈ ಮುಗಿದೇ ಬಿಟ್ಟರು. "ನೋಡ್ರಿ, ಕಣ್ಣಾಗೆ ನೀರು! ಈ ವಯಸ್ಸಿಗೆ ಎಂಥಾ ಭಕ್ತಿ!"

"ಹಿಂಗಾದ್ರೆ ಕೋಣ್ಯಾಗೆ ಯಾಕೆ ಕೂರ್ತೀಯಪ್ಪ?" ಮಹೇಶ್ವರಪ್ಪನವರು ಅವನ ಭುಜ ಹಿಡಿದರು. ದೊಡ್ಡ ಕೈ, ಅಡಿಕೆ ಮೂಟೆ ಎತ್ತಿ ಪಳಗಿದ್ದು. ಬಿಡಿಸಿಕೊಳ್ಳುವ ಮಾತೇ ಇರಲಿಲ್ಲ. "ನಡಿ, ಜಾಗರಣೆಗೆ ನಮ್ಮ ಜೊತೆ ಮುಂದಿನ ಸಾಲಿನಾಗೆ ಕೂರು. ಊರೆಲ್ಲ ನೋಡ್ಲಿ."

ಹೊರಡುವಾಗ ಅವನು ಒಮ್ಮೆ ತಿರುಗಿ ನೋಡಿದ. ಸಾವಂತ್ರಮ್ಮ ಪಾತ್ರೆಯನ್ನು ಎರಡು ಬೆರಳಲ್ಲಿ ಹಿಡಿದು ಎಮ್ಮೆಯ ಕಡೆ ಹೋಗುತ್ತಿದ್ದರು. ಎಮ್ಮೆಗೆ ಯಾವ ವ್ರತವೂ ಇರಲಿಲ್ಲ.

ಗುಡಿಯಲ್ಲಿ ಜನ ಕಿಕ್ಕಿರಿದಿದ್ದರು. ಮುಂದಿನ ಸಾಲಿನಲ್ಲಿ, ಮಹೇಶ್ವರಪ್ಪನವರಿಗೂ ಗೋಡೆಗೂ ನಡುವೆ ಅವನನ್ನು ಕೂರಿಸಿದರು. ಹೋಗುವವರು ಬರುವವರು ಅವನನ್ನು ತೋರಿಸಿ ಪಿಸುಗುಟ್ಟಿದರು. ಗಂಟಲ ಹಳದಿ ಇಂಚು ಇಂಚಾಗಿ ಜಾರುತ್ತಿತ್ತು. ಬಾಯಿ ತುದಿಗೆ ನೂರು ಡೈಲಾಗ್ ಬಂದವು. 'ಬೆಂಕಿ ಜೊತೆ ಆಡಿದ್ದೀನಿ, ಬೇಯಿಸಿದ ಮೊಟ್ಟೆಗೆ ಹೆದರ್ತೀನಾ' ಅಂತ ಒಂದು, 'ಈ ದುರುಗೇಶ ಮೌನವಾಗಿದಾನೆ ಅಂದ್ರೆ ಸೋತಿದಾನೆ ಅಂತಲ್ಲ, ಬಾಯಿ ತುಂಬೈತೆ ಅಂತ' ಅಂತ ಇನ್ನೊಂದು. ಹೇಳಲು ಯಾರೂ ಇಲ್ಲ, ಹೇಳುವಂತೆಯೂ ಇಲ್ಲ.

ಮೊದಲ ಪೂಜೆ ಮುಗಿದ ಮೇಲೆ ಅಯ್ಯನವರ ತೀರ್ಥದ ಬಟ್ಟಲನ್ನು ಹಿಡಿದು ಸಾಲಿನಲ್ಲಿ ಹಂಚುತ್ತಾ ಬಂದವರು ಸಾವಂತ್ರಮ್ಮ. ಬಾಳೆಹಣ್ಣು ಹೊಟ್ಟೆಗೆ ಬಿದ್ದಿತ್ತೆಂದು ಕಾಣುತ್ತದೆ, ಕೈ ನಡುಗುತ್ತಿರಲಿಲ್ಲ. ಅವನ ಎದುರು ಬಂದು ಬಗ್ಗಿದರು. ಗಂಟೆಯ ಸದ್ದಿನಲ್ಲಿ ಅವರ ಮಾತು ಅವನೊಬ್ಬನಿಗೇ ಕೇಳಿಸುವಂತಿತ್ತು.

"ನಾಳೆಯಿಂದ ಈರುಳ್ಳಿ ಸಾರೇ. ಬಾಯಿ ಮುಚ್ಕಂಡು ತಿನ್ನು. ಆ ಪಾತ್ರೆ, ಮೊಟ್ಟೆ ಇಟ್ಟಿರೋ ಡಬ್ಬಿ, ಬೂಟಿನಾಗಿರೋದು, ಎಲ್ಲಾನೂ ಗ್ರೌಂಡಿಗೆ ಹೊತ್ತಾಕು. ಅಲ್ಲೇ ಬೇಯಿಸು, ಅಲ್ಲೇ ತಿನ್ನು. ನನ್ನ ಹೊಸ್ತಿಲು ದಾಟಿ ಬಂತೋ, ನೀನು ಹೊರಗೆ. ಪೊಲೀಸ್ ಆದ್ಮ್ಯಾಲೆ ಅವರಿಗೆ ನೀನೇ ಹೇಳು. ಯೂನಿಫಾರ್ಮ್ ಹಾಕ್ಕಂಡವನಿಗೆ ಅವರು ಬಯ್ಯಲ್ಲ."

ಅವನು ಏನೋ ಹೇಳಲು ಬಾಯಿ ತೆರೆದ.

"ಮೌನ" ಎಂದರು ಸಾವಂತ್ರಮ್ಮ.

ಅವನು ಬಾಯಿ ಮುಚ್ಚಿ ಅಂಗೈ ಚಾಚಿದ. ಎಲ್ಲರಿಗೂ ಒಂದು ಉದ್ಧರಣೆ ತೀರ್ಥ. ಅವನ ಅಂಗೈಗೆ ಅವರು ಒಂದು ಹಾಕಿದರು, ಆ ಕಡೆ ಈ ಕಡೆ ನೋಡಿ ಇನ್ನೊಂದು ಹಾಕಿದರು. ಅದರಲ್ಲಿ ಬಿಲ್ವದ ಒಂದು ದಳ ತೇಲುತ್ತಿತ್ತು. ದುರುಗೇಶ ಕಣ್ಣು ಮುಚ್ಚಿ ಅದನ್ನು ಕುಡಿದ. ಕೊನೆಯ ಹಳದಿ ಗಂಟಲಿನಿಂದ ಇಳಿದು ಎದೆಯೊಳಗೆ ಹೋಯಿತು.